ಫ್ಲೂ ಮನೆಯೊಳಗೆ ಸುತ್ತು ಹೊಡೆಯುವ ಬಗೆ

"ಒಬ್ಬರಿಗೆ ಬಂತಲ್ಲ, ಇನ್ನು ಮನೆಮಂದಿಗೆಲ್ಲ ಒಂದು ಸುತ್ತು ಆಗಿಯೇ ಹೋಗೋದು." ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಮಗುವಿಗೆ ಜ್ವರ, ಎರಡು ದಿನ ಬಿಟ್ಟು ತಾಯಿಗೆ ಗಂಟಲು ಕೆರೆತ, ವಾರ ತುಂಬುವಷ್ಟರಲ್ಲಿ ಅಜ್ಜಿ ಹಾಸಿಗೆ ಹಿಡಿದಿರುತ್ತಾರೆ. ಕಣ್ಣೆದುರಿಗೇ ಹೀಗೆ ನಡೆಯುವುದರಿಂದ ಈ ಸುತ್ತು ತಪ್ಪಿದ್ದಲ್ಲ ಎಂದು ನಂಬಿಬಿಟ್ಟಿದ್ದೇವೆ. ಹಾಗೆ ನಂಬಿದ ಮೇಲೆ ತಪ್ಪಿಸುವ ಪ್ರಯತ್ನವೂ ನಿಂತುಹೋಗುತ್ತದೆ. ನನಗೆ ಕಳವಳ ಇರುವುದು ಅಲ್ಲೇ.

ಲೆಕ್ಕ ಬೇರೆಯೇ ಹೇಳುತ್ತದೆ. ಮನೆಯಲ್ಲಿ ಮೊದಲು ಮಲಗಿದವರಿಂದ ಉಳಿದವರಲ್ಲಿ ಎಷ್ಟು ಜನರಿಗೆ ರೋಗ ಅಂಟುತ್ತದೆ ಎಂದು ವೈದ್ಯರು ದಶಕಗಳಿಂದ ಎಣಿಸುತ್ತ ಬಂದಿದ್ದಾರೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಊರಿನಲ್ಲಿ ಎಡ್ಗರ್ ಹೋಪ್-ಸಿಂಪ್ಸನ್ ಎಂಬ ವೈದ್ಯರಿದ್ದರು. ದೊಡ್ಡ ಆಸ್ಪತ್ರೆಯವರಲ್ಲ, ಮನೆ ಮನೆಗೆ ಹೋಗಿ ಔಷಧಿ ಕೊಡುತ್ತಿದ್ದ ಊರ ಡಾಕ್ಟರು. ಅವರು 1952ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಮೊದಲು ರೋಗ ಬಂದಿರದ ಮಕ್ಕಳಲ್ಲಿ ಮನೆಯೊಳಗೆ ದಡಾರ ಅಂಟಿದ್ದು ನೂರಕ್ಕೆ 76 ಮಂದಿಗೆ, ಸೀತಾಳೆ ಸಿಡುಬು 61 ಮಂದಿಗೆ, ಮಂಗನಬಾವು 31 ಮಂದಿಗೆ. ಒಂದೇ ಸೂರಿನಡಿ ಇದ್ದರೂ ರೋಗದಿಂದ ರೋಗಕ್ಕೆ ಇಷ್ಟು ವ್ಯತ್ಯಾಸ.

ಫ್ಲೂ ಈ ಸಾಲಿನಲ್ಲಿ ಇನ್ನೂ ಕೆಳಗೆ ನಿಲ್ಲುತ್ತದೆ. ಅಮೆರಿಕದ ಮನೆಗಳಲ್ಲಿ 2017ರಿಂದ 2020ರವರೆಗೆ ನಡೆದ ಅಧ್ಯಯನದಲ್ಲಿ ರೋಗಿಯ ಜೊತೆಗಿದ್ದವರಲ್ಲಿ ಸೋಂಕು ತಗಲಿದ್ದು ನೂರಕ್ಕೆ ಸುಮಾರು 20 ಮಂದಿಗೆ. ಕೋವಿಡ್ ಕಾಲದ ಮುಚ್ಚುಗಡೆಯಿಂದ ಜನರ ಮೈ ಒಂದೆರಡು ವರ್ಷ ಫ್ಲೂ ಮುಖ ಕಾಣಲಿಲ್ಲ. ಆಮೇಲೆ 2021–22ರಲ್ಲಿ ಎಣಿಸಿದಾಗ ಆ ಸಂಖ್ಯೆ 50ರ ಹತ್ತಿರ ಏರಿತ್ತು. ಅಷ್ಟು ಕೆಟ್ಟ ವರ್ಷದಲ್ಲೂ ಅರ್ಧದಷ್ಟು ಜನ ಅದೇ ಮನೆಯಲ್ಲಿ ಉಂಡು ಮಲಗಿ ತಪ್ಪಿಸಿಕೊಂಡಿದ್ದಾರೆ. ಅಂದರೆ ಸುತ್ತು ಎಲ್ಲೋ ಒಂದು ಕಡೆ ಕಡಿಯುತ್ತದೆ. ಎಲ್ಲಿ ಕಡಿಯುತ್ತದೆ, ಯಾಕೆ ಕಡಿಯುತ್ತದೆ ಎಂದು ತಿಳಿದರೆ ನಾವೇ ಕೈಯಾರೆ ಕಡಿಯಬಹುದು.

ಮಂಕಾಗಿದ್ದ ಸಂಜೆ

ದಾವಣಗೆರೆಯ ಒಂದು ಮನೆ ಎಂದುಕೊಳ್ಳಿ. ಎರಡು ಮಲಗುವ ಕೋಣೆ, ನಡುವೆ ಹಾಲು, ಹಿಂದೆ ಅಡುಗೆಮನೆ. ಅಪ್ಪ, ಅಮ್ಮ, ಅಜ್ಜಿ, ಎಂಟು ವರ್ಷದ ಹುಡುಗ, ಅವನ ಅಕ್ಕ. ಹುಡುಗ ದಿನಾ ಅಜ್ಜಿಯ ಪಕ್ಕದಲ್ಲೇ ಮಲಗುವವನು.

ಸೋಮವಾರ ಶಾಲೆಯಲ್ಲಿ ಪಕ್ಕದ ಬೆಂಚಿನ ಹುಡುಗ ಕೆಮ್ಮುತ್ತಿದ್ದ. ಅವನ ಉಸಿರಿನ ಜೊತೆ ಬಂದ ವೈರಸ್ ನಮ್ಮ ಹುಡುಗನ ಮೂಗು-ಗಂಟಲಿನ ಒಳಪೊರೆಗೆ ಅಂಟಿಕೊಂಡಿತು. ಅಲ್ಲಿನ ಒಂದು ಜೀವಕೋಶದೊಳಗೆ ಹೊಕ್ಕ ವೈರಸ್ ಸುಮಾರು ಎಂಟು ಗಂಟೆಯೊಳಗೆ ತನ್ನ ಪ್ರತಿಗಳನ್ನು ಹೊರಗೆ ಬಿಡಲು ಶುರುಮಾಡುತ್ತದೆ. ಅವು ಅಕ್ಕಪಕ್ಕದ ಕೋಶಗಳಿಗೆ ಹೋಗುತ್ತವೆ. ಮಂಗಳವಾರ ಹುಡುಗ ಎಂದಿನಂತೆ ಆಡಿಕೊಂಡಿದ್ದ. ಬುಧವಾರ ಸಂಜೆ ಸ್ವಲ್ಪ ಮಂಕು. ಉಪ್ಪಿಟ್ಟು ಅರ್ಧ ಬಿಟ್ಟ, ಹೋಂವರ್ಕ್ ಬೇಡ ಅಂದ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟ. "ಆಟ ಆಡಿ ಸುಸ್ತಾಗಿದ್ದಾನೆ" ಅಂದರು ಅಜ್ಜಿ. ಹೊರಗೆ ಮಳೆ. ಸೊಳ್ಳೆ ಬರುತ್ತದೆಂದು ಸಂಜೆ ಆರಕ್ಕೇ ಕಿಟಕಿ ಹಾಕಿಯಾಗಿತ್ತು. ಗುರುವಾರ ಬೆಳಗಿನ ಜಾವ ಮೈ ಕೆಂಡ.

ಮನೆಯವರೆಲ್ಲ ಎಚ್ಚರವಾದದ್ದು ಗುರುವಾರ. ಫ್ಲೂ ಬಂದವರು ಜ್ವರ ಕಾಣಿಸಿಕೊಳ್ಳುವ ಸುಮಾರು ಒಂದು ದಿನ ಮೊದಲೇ ವೈರಸ್ ಹೊರಹಾಕಲು ತೊಡಗುತ್ತಾರೆ. ಜ್ವರ ಬಂದ ಮೊದಲೆರಡು ದಿನ ಅದು ಅತಿ ಹೆಚ್ಚು. ಆಮೇಲೆ ಇಳಿಯುತ್ತ ಐದರಿಂದ ಏಳು ದಿನಕ್ಕೆ ಬಹುಮಟ್ಟಿಗೆ ನಿಲ್ಲುತ್ತದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಕೆಲವು ದಿನ ಎಳೆಯಬಹುದು. ಹಾಗಾಗಿ ಬುಧವಾರ ರಾತ್ರಿ ಕಿಟಕಿ ಹಾಕಿದ ಕೋಣೆಯಲ್ಲಿ ಅಜ್ಜಿ ಮೊಮ್ಮಗನ ಪಕ್ಕದಲ್ಲಿ ಕಳೆದ ಎಂಟು ಗಂಟೆ, ಮುಂದೆ ಮಾಡುವ ಎಷ್ಟೋ ಜಾಗ್ರತೆಗಿಂತ ತೂಕದ್ದು.

ವೈರಸ್ ಮೈಗೆ ಹೊಕ್ಕ ಒಂದರಿಂದ ನಾಲ್ಕು ದಿನದಲ್ಲಿ, ಸಾಮಾನ್ಯವಾಗಿ ಎರಡು ದಿನಕ್ಕೆ, ಲಕ್ಷಣ ಕಾಣುತ್ತದೆ. ಶನಿವಾರ ಅಜ್ಜಿಗೆ ಮೈಕೈ ನೋವು ಶುರುವಾದರೆ ಅದು ಬುಧವಾರ ಇಲ್ಲವೇ ಗುರುವಾರದ ಬಾಕಿ. ಹುಡುಗನಿಗೆ ಗಂಜಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದ ಅಮ್ಮನಿಗೆ ಭಾನುವಾರ. ಅಮ್ಮನ ಪಕ್ಕದಲ್ಲಿ ಮಲಗುವ ಅಪ್ಪನಿಗೆ ಬುಧವಾರವೋ ಗುರುವಾರವೋ. ಅಪ್ಪ ಹುಡುಗನಿಂದ ಪಡೆದದ್ದಲ್ಲ, ಅಮ್ಮನಿಂದ ಪಡೆದದ್ದು. ಅಕ್ಕನಿಗೆ ಏನೂ ಆಗಲಿಲ್ಲ. ನಾವು 'ಸುತ್ತು' ಎನ್ನುವುದು ಹೀಗೆ ಎರಡು-ಮೂರು ದಿನಕ್ಕೊಂದರಂತೆ ಹೆಣೆದುಕೊಳ್ಳುವ ಕೊಂಡಿಗಳ ಸರಪಳಿ. ನಡುವಿನ ಒಂದು ಕೊಂಡಿ ಬಿಟ್ಟರೂ ಮುಂದಿನವರು ಉಳಿಯುತ್ತಾರೆ.

ಕೋವಿಡ್‌ನಲ್ಲಿ ಈ ಕಾಣದ ಅವಧಿ ಇನ್ನೂ ಉದ್ದ. ಲಕ್ಷಣ ಕಾಣುವ ಎರಡು ದಿನ ಮೊದಲಿನಿಂದಲೇ ಅದು ಹರಡುತ್ತದೆ. ದಡಾರದಲ್ಲಿ ಮೈಮೇಲೆ ದದ್ದು ಏಳುವ ನಾಲ್ಕು ದಿನ ಮೊದಲೇ ಹರಡುವಿಕೆ ಶುರು. ಆಗ ಅದು ನೋಡಲು ಬರೀ ನೆಗಡಿ-ಜ್ವರದ ಹಾಗೇ ಇರುತ್ತದೆ.

ಒಗ್ಗರಣೆಯ ಘಾಟು

ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸ್ವಲ್ಪ ಸೀದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಬಾಣಲೆಯ ಎದುರು ನಿಂತವರು ಮೊದಲು ಕೆಮ್ಮುತ್ತಾರೆ. ಅರ್ಧ ನಿಮಿಷಕ್ಕೆ ಹಾಲಿನಲ್ಲಿ ಪೇಪರ್ ಓದುತ್ತಿದ್ದವರು ಕೆಮ್ಮುತ್ತಾರೆ. ಇನ್ನೊಂದು ನಿಮಿಷಕ್ಕೆ ಬಾಗಿಲು ಹಾಕಿದ ಕೋಣೆಯಿಂದಲೂ ಕೆಮ್ಮು ಕೇಳುತ್ತದೆ. ಆ ಘಾಟಿಗೆ ಮೂರಡಿ, ಆರಡಿ ಎಂಬ ಗಡಿ ಇಲ್ಲ. ಹತ್ತಿರ ಇದ್ದವರಿಗೆ ದಟ್ಟ, ದೂರ ಇದ್ದವರಿಗೆ ತೆಳು. ಹಿತ್ತಲ ಬಾಗಿಲು ತೆರೆದರೆ ಕಡಿಮೆ, ಮುಚ್ಚಿದರೆ ಅಲ್ಲೇ ಸುತ್ತುತ್ತದೆ. ಉಸಿರಿನ ಜೊತೆ ಬರುವ ವೈರಸ್ ಮನೆಯೊಳಗೆ ನಡೆದುಕೊಳ್ಳುವುದೂ ಹೆಚ್ಚುಕಡಿಮೆ ಹೀಗೇ. ಒಂದೇ ವ್ಯತ್ಯಾಸವೆಂದರೆ ಅದಕ್ಕೆ ಘಾಟಿಲ್ಲ, ಅದು ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ.

ನಾವು ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ, ಬರೀ ಉಸಿರು ಬಿಟ್ಟಾಗಲೂ ಬಾಯಿ-ಮೂಗಿನಿಂದ ದ್ರವದ ಕಣಗಳು ಹೊರಬರುತ್ತವೆ. ತಲೆಗೂದಲಿನ ದಪ್ಪಕ್ಕಿಂತ ದೊಡ್ಡ ಹನಿಗಳು ಕೆಲವೇ ಸೆಕೆಂಡಿನಲ್ಲಿ ನೆಲಕ್ಕೆ ಬೀಳುತ್ತವೆ. ಹತ್ತು ಮೈಕ್ರಾನಿನ ಕಣ ಆಳೆತ್ತರದಿಂದ ಇಳಿಯಲು ಎಂಟು-ಹತ್ತು ನಿಮಿಷ ಬೇಕು. ಒಂದು ಮೈಕ್ರಾನಿನದು ಗಂಟೆಗಟ್ಟಲೆ ತೇಲುತ್ತದೆ, ಮನೆಯ ಗಾಳಿ ಎತ್ತ ಸರಿದರೆ ಅತ್ತ ಹೋಗುತ್ತದೆ. ಹನಿ ಒಣಗಿ ಉಳಿಯುವ ಇಂಥ ಸೂಕ್ಷ್ಮ ಕಣಗಳು ರೋಗ ಸಾಗಿಸಬಲ್ಲವು ಎಂದು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲೇ ಬರೆದಿದ್ದರು. ಆ ಮಾತನ್ನು ಆರೋಗ್ಯ ಇಲಾಖೆಗಳು ಮನಸ್ಸಿಗೆ ಹಾಕಿಕೊಳ್ಳಲು ಕೋವಿಡ್ ಬರಬೇಕಾಯಿತು. 'ದೊಡ್ಡ ಹನಿ ಬೇರೆ, ಗಾಳಿಯಲ್ಲಿ ತೇಲುವ ಕಣ ಬೇರೆ' ಎಂಬ ಹಳೆಯ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೈಬಿಟ್ಟು, ಎಲ್ಲ ಗಾತ್ರದವಕ್ಕೂ ಸೋಂಕುಕಾರಕ ಉಸಿರಾಟದ ಕಣಗಳು ಎಂಬ ಒಂದೇ ಹೆಸರಿಟ್ಟಿತು.

ಕೆಮ್ಮಿದರೆ ಮಾತ್ರ ಹರಡುತ್ತದೆ ಎಂಬ ಭಾವನೆಯನ್ನೂ ಬಿಡಬೇಕು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಫ್ಲೂ ಬಂದ 142 ಜನರನ್ನು ಅರ್ಧ ಗಂಟೆ ಒಂದು ಯಂತ್ರದ ಮುಂದೆ ಕೂರಿಸಿ ಅವರ ಉಸಿರನ್ನು ಸಂಗ್ರಹಿಸಿದರು. 2018ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಕೆಮ್ಮದೇ ಸುಮ್ಮನೆ ಉಸಿರಾಡಿದವರ ಸೂಕ್ಷ್ಮ ಕಣಗಳಲ್ಲೂ ಜೀವಂತ ವೈರಸ್ ಸಿಕ್ಕಿತು. ಸೀನು ಅಪರೂಪವಾಗಿತ್ತು, ಸೀನದಿದ್ದರೂ ವೈರಸ್ಸಿಗೆ ಕೊರತೆಯಾಗಲಿಲ್ಲ.

ಗಾಳಿ ನಿಂತರೆ ಏನಾಗುತ್ತದೆ ಎನ್ನುವುದಕ್ಕೆ 1977ರ ಅಲಾಸ್ಕಾದ ಘಟನೆಯನ್ನು ವೈದ್ಯಕೀಯ ಪುಸ್ತಕಗಳು ಇಂದಿಗೂ ನೆನೆಯುತ್ತವೆ. 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ನೆಲದ ಮೇಲೇ ಮೂರು ಗಂಟೆ ನಿಂತಿತು. ಒಳಗೆ ಗಾಳಿ ಆಡಿಸುವ ವ್ಯವಸ್ಥೆ ಬಂದಾಗಿತ್ತು. ಒಬ್ಬರಿಗೆ ಫ್ಲೂ ಇತ್ತು. ಮೂರು ದಿನದೊಳಗೆ ನೂರಕ್ಕೆ 72 ಮಂದಿ ಮಲಗಿದರು.

ನಮ್ಮ ಮಲಗುವ ಕೋಣೆಗೇ ಈ ಲೆಕ್ಕ ಹಾಕಿ ನೋಡೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಸಾವಿರ ಲೀಟರ್ ಗಾಳಿ ಹಿಡಿಯುತ್ತದೆ. ದೊಡ್ಡವರೊಬ್ಬರು ಮಲಗಿದ್ದಾಗ ನಿಮಿಷಕ್ಕೆ ಆರೇಳು ಲೀಟರ್ ಉಸಿರಾಡುತ್ತಾರೆ. ಎಂಟು ಗಂಟೆಗೆ ಮೂರು ಸಾವಿರ ಲೀಟರ್. ಕಿಟಕಿ, ಬಾಗಿಲು ಹಾಕಿದ್ದರೆ ಬೆಳಗಾಗುವಷ್ಟರಲ್ಲಿ ಆ ಕೋಣೆಯ ಗಾಳಿಯ ಹತ್ತನೇ ಒಂದು ಭಾಗದಷ್ಟು ಒಬ್ಬರ ಎದೆಯೊಳಗೆ ಹೋಗಿ ಬಂದಿರುತ್ತದೆ. ಇಬ್ಬರಿದ್ದರೆ ಐದನೇ ಒಂದು. ಎಂಜಲು ನೀರು ಕುಡಿಯಲು ಹಿಂಜರಿಯುವ ನಾವು, ರಾತ್ರಿಯಿಡೀ ಒಬ್ಬರ ಉಸಿರನ್ನು ಇನ್ನೊಬ್ಬರು ಕುಡಿಯುತ್ತೇವೆ.

ಇಲ್ಲಿ ಫ್ಯಾನ್, ಎಸಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸೀಲಿಂಗ್ ಫ್ಯಾನ್ ಇದ್ದ ಗಾಳಿಯನ್ನೇ ಕಲಕುತ್ತದೆ, ಹೊಸದನ್ನು ತರುವುದಿಲ್ಲ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಯೂ ಅಷ್ಟೇ, ಕೋಣೆಯ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ. ಹೊರಗಿರುವ ಪೆಟ್ಟಿಗೆ ಶಾಖ ಹೊರಹಾಕುತ್ತದೆಯೇ ಹೊರತು ಗಾಳಿಯನ್ನಲ್ಲ. ಎಸಿ ತಂಪು ಹೊರಗೆ ಹೋಗಬಾರದೆಂದು ನಾವು ಸಂದುಗಳನ್ನೂ ಮುಚ್ಚುತ್ತೇವೆ. ಹಳೆಯ ಮಲೆನಾಡಿನ ಮನೆಗಳ ಗವಾಕ್ಷಿ, ತೊಟ್ಟಿಮನೆಗಳ ತೆರೆದ ಅಂಗಳ, ಹೆಂಚಿನ ಸಂದಿನ ಗಾಳಿ ಯಾವುದೂ ಈಗಿನ ಫ್ಲ್ಯಾಟುಗಳಲ್ಲಿಲ್ಲ. ಅಡುಗೆಯ ಹೊಗೆ ಹೋಗಲೆಂದು ಬಿಟ್ಟ ದಾರಿ ಆ ಮನೆಗಳಲ್ಲಿ ಉಸಿರಿಗೂ ದಾರಿಯಾಗಿತ್ತು.

ಒಂದು ಊದುಬತ್ತಿ ಸಾಕು, ನಿಮ್ಮ ಮನೆಯ ಗಾಳಿಯ ದಾರಿ ತಿಳಿಯಲು. ಮನೆಯಲ್ಲಿ ಯಾರಿಗೂ ಕೆಮ್ಮು ಇಲ್ಲದ ದಿನ ಮಾಡಿ. ಮಲಗುವ ಕೋಣೆಯ ಕಿಟಕಿ ತೆರೆದು, ಬಾಗಿಲು ನಾಲ್ಕು ಬೆರಳು ಸರಿಸಿ, ಆ ಸಂದಿನ ಹತ್ತಿರ ಹಚ್ಚಿದ ಊದುಬತ್ತಿ ಹಿಡಿಯಿರಿ. ಹೊಗೆಯ ಎಳೆ ಕೋಣೆಯೊಳಕ್ಕೆ ಬಾಗಿದರೆ ಒಳ್ಳೆಯದು. ಹಾಲಿನ ಗಾಳಿ ಕೋಣೆಗೆ ಬಂದು ಕಿಟಕಿಯಿಂದ ಆಚೆ ಹೋಗುತ್ತಿದೆ ಎಂದರ್ಥ. ಹೊಗೆ ಹಾಲಿನ ಕಡೆ ಬಾಗಿದರೆ ಆ ಕೋಣೆಯಲ್ಲಿ ಮಲಗುವ ರೋಗಿಯ ಉಸಿರು ಮನೆಯೊಳಕ್ಕೇ ಬರುತ್ತದೆ. ಆಗ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ, ಮುಖ ಹೊರಗೆ ಮಾಡಿ ಇಟ್ಟು ಮತ್ತೊಮ್ಮೆ ಹೊಗೆ ನೋಡಿ. ಅನೇಕ ಸಲ ದಿಕ್ಕು ಬದಲಾಗಿರುತ್ತದೆ. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ ತೆಗೆದು ಪರೀಕ್ಷಿಸಿದರೆ ಅವು ಎಲ್ಲಿಂದ ಗಾಳಿ ಎಳೆಯುತ್ತವೆ ಎನ್ನುವುದೂ ಕಣ್ಣಿಗೆ ಕಾಣುತ್ತದೆ. ಕೋಣೆಯಲ್ಲಿ ಹಿಡಿಯುವಷ್ಟು ಹೊಸ ಗಾಳಿ ಒಂದು ಸಲ ಬಂದು ಬೆರೆತರೆ ಹಳೆಯ ಗಾಳಿಯಲ್ಲಿ ನೂರಕ್ಕೆ 63 ಭಾಗ ಹೊರಹೋಗಿರುತ್ತದೆ. ಮೂರು ಸಲ ಬಂದರೆ 95 ಭಾಗ.

ಎಂಜಲಿಗೆ ಕೊಟ್ಟ ಗಮನ

ಎಂಜಲಿನ ವಿಷಯದಲ್ಲಿ ನಮ್ಮವರು ಮೊದಲಿನಿಂದಲೂ ಕಟ್ಟುನಿಟ್ಟು. ಲೋಟ ಕಚ್ಚದೆ ಎತ್ತಿ ಕುಡಿಯುವುದು, ಒಬ್ಬರ ತಟ್ಟೆಯಲ್ಲಿ ಇನ್ನೊಬ್ಬರು ಉಣ್ಣದಿರುವುದು, ಊಟಕ್ಕೆ ಮೊದಲು ಕೈಕಾಲು ತೊಳೆಯುವುದು ಒಳ್ಳೆಯ ರೂಢಿಗಳು, ಬಿಡಬೇಕಾಗಿಲ್ಲ. ಕೈಯ ಮೂಲಕವೂ ಫ್ಲೂ ಹರಡುತ್ತದೆ. ಸ್ಟೀಲು, ಪ್ಲಾಸ್ಟಿಕ್ಕಿನಂಥ ನುಣುಪಾದ ವಸ್ತುಗಳ ಮೇಲೆ ಫ್ಲೂ ವೈರಸ್ 24ರಿಂದ 48 ಗಂಟೆ ಬದುಕಬಲ್ಲದು, ಬಟ್ಟೆ ಮತ್ತು ಕಾಗದದ ಮೇಲೆ 8ರಿಂದ 12 ಗಂಟೆ ಎಂದು 1982ರ ಒಂದು ಪ್ರಯೋಗ ತೋರಿಸಿದೆ. ಆದರೆ ಕೈಗೆ ಅಂಟಿದ ಮೇಲೆ ಅದರ ಆಯುಷ್ಯ ಐದು ನಿಮಿಷದಷ್ಟು. ಆ ಐದು ನಿಮಿಷದಲ್ಲಿ ಕೈ ಮೂಗಿಗೋ ಕಣ್ಣಿಗೋ ಹೋಗಬೇಕು. ಹೋಗುತ್ತದೆ ಕೂಡ. ಸಿಡ್ನಿಯಲ್ಲಿ ತರಗತಿಯಲ್ಲಿ ಕೂತ ವೈದ್ಯಕೀಯ ವಿದ್ಯಾರ್ಥಿಗಳನ್ನು ವಿಡಿಯೋ ಮಾಡಿ ನೋಡಿದಾಗ ಅವರು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು.

ಸೋಪು ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಫ್ಲೂ, ಕೋವಿಡ್ ವೈರಸ್‌ಗಳ ಹೊರಪೊರೆ ಕೊಬ್ಬಿನಿಂದ ಆದದ್ದು. ಜಿಡ್ಡಿನ ಪಾತ್ರೆಯ ಜಿಡ್ಡನ್ನು ಸೋಪು ಹೇಗೆ ಒಡೆಯುತ್ತದೋ ಆ ಪೊರೆಯನ್ನೂ ಹಾಗೇ ಒಡೆಯುತ್ತದೆ. ಬರೀ ನೀರಿನಲ್ಲಿ ಅದ್ದಿ ತೆಗೆದರೆ ಸಾಲದು, ಇಪ್ಪತ್ತು ಸೆಕೆಂಡ್ ಉಜ್ಜಬೇಕು. ಸಿಂಬಳ ಒರೆಸಿದ ಮೇಲೆ, ರೋಗಿಯ ತಟ್ಟೆ-ಲೋಟ ಎತ್ತಿದ ಮೇಲೆ, ಅಡುಗೆಗೆ ಕೈ ಹಾಕುವ ಮೊದಲು ತೊಳೆದರೆ ಮುಖ್ಯವಾದದ್ದು ಮುಗಿಯಿತು. ಟವೆಲ್ ಬೇರೆ ಇರಲಿ. ಹಾಗೆಂದು ನೆಲ, ಬಾಗಿಲು, ಗೋಡೆಯನ್ನೆಲ್ಲ ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ಒರೆಸುತ್ತ ಅದೇ ಮನೆಯ ಕಿಟಕಿಯನ್ನು ಮುಚ್ಚಿಟ್ಟರೆ ಶ್ರಮ ತಪ್ಪು ಜಾಗಕ್ಕೆ ಹೋದಂತೆ. ಆ ಶ್ರಮ ಮನೆಯ ಹೆಣ್ಣುಮಕ್ಕಳದ್ದೇ ಆಗಿರುತ್ತದೆ ಎನ್ನುವುದನ್ನೂ ಮರೆಯಬಾರದು.

ಆರೈಕೆಯ ಜಾಡು

ಕೋವಿಡ್ ಬಂದಾಗ ಜಗತ್ತಿನ ಬೇರೆ ಬೇರೆ ಕಡೆಯ ಮನೆಗಳ ಲೆಕ್ಕವನ್ನು ಒಟ್ಟುಗೂಡಿಸಿ 2020ರ ಕೊನೆಗೆ ಪ್ರಕಟಿಸಿದಾಗ, ಮನೆಯೊಳಗೆ ಸೋಂಕು ತಗಲಿದ್ದು ಒಟ್ಟಾರೆ ನೂರಕ್ಕೆ ಸುಮಾರು 17 ಮಂದಿಗೆ. ಗಂಡ-ಹೆಂಡಿರ ನಡುವೆ ಮಾತ್ರ ಅದು 38. ಒಮಿಕ್ರಾನ್ ಬಂದಾಗ ಒಟ್ಟು ಪ್ರಮಾಣವೇ 43ರ ಹತ್ತಿರಕ್ಕೆ ಏರಿತು. ಗಂಡ-ಹೆಂಡಿರಲ್ಲಿ ದುಪ್ಪಟ್ಟಾದದ್ದು ಏಕೆಂದು ವಿವರಿಸಬೇಕಾಗಿಲ್ಲ. ಒಂದೇ ಕೋಣೆ, ಒಂದೇ ಹಾಸಿಗೆ, ಒಬ್ಬರ ಜ್ವರಕ್ಕೆ ಇನ್ನೊಬ್ಬರ ಆರೈಕೆ.

ಭಾರತದಲ್ಲಿ ಕೋವಿಡ್‌ನ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯ ಹಿರಿಯರೊಬ್ಬರದ್ದು, 2020ರ ಮಾರ್ಚ್‌ನಲ್ಲಿ. ಅವರ ನಂತರ ಸೋಂಕು ದೃಢಪಟ್ಟವರಲ್ಲಿ ಅವರ ಕುಟುಂಬದ ಒಬ್ಬರೂ, ಚಿಕಿತ್ಸೆ ಕೊಟ್ಟ ವೈದ್ಯರೊಬ್ಬರೂ ಇದ್ದರು. ಮನೆಯಲ್ಲಿ ವೈರಸ್ ಹೋಗುವ ಜಾಡು ಆರೈಕೆಯ ಜಾಡೇ. ಹಣೆ ಮುಟ್ಟಿ ನೋಡುವವರು, ಬಾಯಿಗೆ ತುತ್ತಿಡುವವರು, ರಾತ್ರಿ ಪಕ್ಕದಲ್ಲಿ ಎದ್ದು ಕೂರುವವರು ಅದರ ದಾರಿಯಲ್ಲಿರುತ್ತಾರೆ. ನಮ್ಮ ಮನೆಗಳಲ್ಲಿ ಆ ಕೆಲಸ ಅಮ್ಮ, ಸೊಸೆ, ಅಜ್ಜಿಯರ ಪಾಲಿಗೆ ಬಂದಿರುತ್ತದೆ.

ಆರೈಕೆ ಬಿಡಿ ಎಂದು ಹೇಳಲು ಬಾಯಿ ಬರುವುದಿಲ್ಲ, ಹೇಳಲೂ ಬಾರದು. ಜ್ವರದ ಮಗುವನ್ನು ಕೋಣೆಯಲ್ಲಿ ಕೂಡಿಹಾಕಿ ಬಾಗಿಲ ಸಂದಿಯಲ್ಲಿ ತಟ್ಟೆ ತಳ್ಳುವುದು ನಮ್ಮಿಂದ ಆಗುವ ಕೆಲಸವಲ್ಲ. ಆದರೆ ಆರೈಕೆ ಮಾಡುವವರು ಯಾರು ಎಂದು ಮನೆಯವರು ಕೂತು ತೀರ್ಮಾನಿಸಬಹುದು. ಆರೋಗ್ಯವಾಗಿರುವ, ವಯಸ್ಸು ಚಿಕ್ಕದಿರುವ ಒಬ್ಬರೇ ಅದನ್ನು ವಹಿಸಿಕೊಳ್ಳಲಿ. ಅಪ್ಪ ಆಗಬಹುದು. ಅಜ್ಜಿ, ಬಸುರಿ ಸೊಸೆ, ಸಕ್ಕರೆ ಕಾಯಿಲೆ ಅಥವಾ ಉಬ್ಬಸ ಇರುವವರು ಆ ಪಾಳಿಯಲ್ಲಿ ಬೇಡ. ಅಜ್ಜಿಯೇ ಒಪ್ಪದಿದ್ದರೆ ಸೊಸೆ ಹೀಗೆ ಹೇಳಬಹುದು: "ಅತ್ತೆ, ಅವನಿಗೆ ನಾಲ್ಕು ದಿನದಲ್ಲಿ ಹುಷಾರಾಗುತ್ತೆ. ನೀವು ಮಲಗಿದರೆ ಆಸ್ಪತ್ರೆಗೇ ಹೋಗಬೇಕಾಗುತ್ತೆ. ನಾಲ್ಕು ದಿನ ನನ್ನ ಮಾತು ಕೇಳಿ."

ಮೊದಲ ದಿನವೇ ಮಾಡುವುದು

ಹಾಂಗ್‌ಕಾಂಗ್‌ನಲ್ಲಿ ಫ್ಲೂ ಬಂದವರ ಮನೆಗಳಿಗೆ ಮಾಸ್ಕು ಮತ್ತು ಕೈತೊಳೆಯುವ ಸಾಮಗ್ರಿ ಕೊಟ್ಟು ಪರೀಕ್ಷೆ ಮಾಡಿದರು. 2009ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಒಟ್ಟಾರೆ ಲಾಭ ಸ್ಪಷ್ಟವಾಗಿರಲಿಲ್ಲ. ಆದರೆ ರೋಗ ಕಂಡ 36 ಗಂಟೆಯೊಳಗೆ ಎರಡನ್ನೂ ಶುರುಮಾಡಿದ್ದ ಮನೆಗಳಲ್ಲಿ ಹರಡುವಿಕೆ ಕಡಿಮೆಯಾಗಿತ್ತು. ಮೂರನೆಯ ದಿನ ಔಷಧಿ ಅಂಗಡಿಯಿಂದ ಮಾಸ್ಕು ತಂದರೆ ತಡವಾಗಿರುತ್ತದೆ. ಮನೆಯಲ್ಲಿ ನಾಲ್ಕು ಮಾಸ್ಕು ಮೊದಲೇ ಇರಲಿ.

ಮಗು ಮಂಕಾದ ಸಂಜೆಯೇ ಮಲಗುವ ವ್ಯವಸ್ಥೆ ಬದಲಿಸಿ. ಇದೊಂದೇ ಮಾತನ್ನು ನೆನಪಿಡುವುದಾದರೂ ಸಾಕು. ಶಾಲೆಯಲ್ಲಿ ಜ್ವರ ಓಡಾಡುತ್ತಿದೆ, ಮಗು ಊಟ ಬಿಟ್ಟಿದೆ ಎಂದರೆ ಥರ್ಮಾಮೀಟರ್ ಏರಲಿ ಎಂದು ಕಾಯಬೇಡಿ. ಅಜ್ಜಿಯ ಹಾಸಿಗೆ ಆ ರಾತ್ರಿ ಬೇರೆ ಕಡೆ ಹೋಗಲಿ. ಮಾರನೆಯ ದಿನ ಮಗು ಚೂಟಿಯಾಗಿ ಎದ್ದರೆ ನಷ್ಟವೇನೂ ಇಲ್ಲ.

ಬೇರೆ ಕೋಣೆ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಒಂದೇ ಕೋಣೆಯಾದರೆ ರೋಗಿಯ ಹಾಸಿಗೆ ಗಾಳಿ ಹೊರಹೋಗುವ ಕಿಟಕಿಯ ಪಕ್ಕ ಇರಲಿ, ಉಳಿದವರದ್ದು ಗಾಳಿ ಒಳಬರುವ ಬಾಗಿಲ ಕಡೆ. ಒಬ್ಬರ ತಲೆ ಆ ಕಡೆ, ಇನ್ನೊಬ್ಬರ ತಲೆ ಈ ಕಡೆ ಮಾಡಿ ಮಲಗಿದರೂ ಮುಖದಿಂದ ಮುಖಕ್ಕೆ ನಾಲ್ಕೈದು ಅಡಿ ಅಂತರ ಸಿಗುತ್ತದೆ. ಜಗಲಿಯೋ ಪಡಸಾಲೆಯೋ ಇದ್ದರೆ ಹಗಲಿನಲ್ಲಿ ರೋಗಿಯನ್ನು ಅಲ್ಲೇ ಕೂರಿಸಿ. ಗಾಳಿ ಬಡಿದರೆ ಜ್ವರ ಜಾಸ್ತಿಯಾಗುತ್ತದೆ ಎಂಬ ಭಯ ನಮ್ಮ ಹಿರಿಯರಲ್ಲಿ ಬಲವಾಗಿದೆ. ಬೆಚ್ಚಗೆ ಕಂಬಳಿ ಹೊದಿಸಿ, ಕಿವಿಗೆ ಬಟ್ಟೆ ಕಟ್ಟಿ, ಗಾಳಿ ನೇರ ಮೈಗೆ ಬಡಿಯದಂತೆ ಮಾಡಿ. ಕಿಟಕಿ ಮಾತ್ರ ಮುಚ್ಚಬೇಡಿ.

ಮಾಸ್ಕು ಮೊದಲು ರೋಗಿಗೆ, ಆಮೇಲೆ ಆರೈಕೆ ಮಾಡುವವರಿಗೆ. ರೋಗಿಗೆ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಾಕು. ಹತ್ತಿರ ಕೂತು ಉಣಿಸುವವರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್-95 ಮೇಲು. ಎರಡು ವರ್ಷದೊಳಗಿನ ಮಕ್ಕಳಿಗೆ, ಉಸಿರಾಟದ ತೊಂದರೆ ಇರುವವರಿಗೆ ಮಾಸ್ಕು ಹಾಕಬಾರದು. ಎದೆಹಾಲು ಕುಡಿಸುವ ತಾಯಿಗೆ ಫ್ಲೂ ಬಂದರೆ ಹಾಲು ನಿಲ್ಲಿಸಬೇಕಾಗಿಲ್ಲ. ಮಾಸ್ಕು ಹಾಕಿ, ಕೈ ತೊಳೆದು ಕುಡಿಸಬಹುದು.

ಕಷಾಯ, ಮೆಣಸಿನ ಸಾರು, ಬಿಸಿನೀರು ಗಂಟಲಿಗೆ ಹಿತ, ಮೈಗೆ ನೀರಿನಂಶ. ಕೊಡಿ. ಆದರೆ ಅವು ಹರಡುವುದನ್ನು ತಡೆಯುವುದಿಲ್ಲ. ಕುದಿಯುವ ನೀರಿನ ಹಬೆ ವೈರಸ್ ಕೊಲ್ಲುವುದಿಲ್ಲ, ಮಕ್ಕಳ ಮೈಮೇಲೆ ಚೆಲ್ಲಿ ಸುಟ್ಟ ಪ್ರಕರಣಗಳಿವೆ. ಆ್ಯಂಟಿಬಯಾಟಿಕ್ ವೈರಸ್‌ಗೆ ನಾಟುವುದೇ ಇಲ್ಲ. ಮಕ್ಕಳಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು, ಮಿದುಳು ಮತ್ತು ಯಕೃತ್ತಿಗೆ ಅಪಾಯ ತರುವ ರೇ ಸಿಂಡ್ರೋಮ್ ಎಂಬ ಕಾಯಿಲೆ ಬರಬಹುದು. ಒಸೆಲ್ಟಾಮಿವಿರ್ ಎಂಬ ಫ್ಲೂ ಔಷಧಿ ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಪ್ರಯೋಜನ. ಮನೆಯಲ್ಲಿ ಹಿರಿಯರಿಗೋ ಬಸುರಿಗೋ ಜ್ವರ ಬಂದರೆ "ಎರಡು ದಿನ ನೋಡೋಣ" ಎನ್ನದೆ ಮೊದಲ ದಿನವೇ ಡಾಕ್ಟರನ್ನು ಕೇಳಬೇಕಾದದ್ದು ಇದಕ್ಕೇ.

ಇಷ್ಟೆಲ್ಲದರ ನಡುವೆ ಕಣ್ಣಿಡಬೇಕಾದ ಅಪಾಯದ ಗುರುತುಗಳಿವೆ. ಮಗು ಸುಮ್ಮನೆ ಮಲಗಿದ್ದಾಗ ಹೊಟ್ಟೆಯ ಏರಿಳಿತ ನೋಡಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿನವರಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೂಡಲೇ ಆಸ್ಪತ್ರೆಗೆ. ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು-ನೀರು ಮುಟ್ಟದಿದ್ದರೆ ಎಣಿಸುತ್ತ ಕೂರಬೇಡಿ. ದೊಡ್ಡವರಲ್ಲಿ ಏದುಸಿರು, ಎದೆನೋವು, ತಡವರಿಕೆಯ ಮಾತು, ಪಲ್ಸ್ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗಿನ ಅಂಕಿ ಕಂಡರೂ ತಡಮಾಡಬಾರದು. ಇನ್ನೊಂದು ಗುರುತನ್ನು ಬಹಳ ಜನ ಗಮನಿಸುವುದಿಲ್ಲ: ಜ್ವರ ಬಿಟ್ಟು ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ, ಕಫ ಹೆಚ್ಚಾಗುವುದು. ಫ್ಲೂ ಬಂದು ಹೋದ ಜಾಗಕ್ಕೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಹೊಕ್ಕಿರಬಹುದು.

ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲ ಹಿಡಿದು ಅದು ಮುಗಿಯುವ ಹೊತ್ತಿಗೆ ಇನ್ನೊಮ್ಮೆ. ಲಸಿಕೆಯನ್ನು ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲರಿಗೂ ಹಾಕಬಹುದು. ವೈರಸ್ ವರ್ಷ ವರ್ಷ ರೂಪ ಬದಲಿಸುವುದರಿಂದ ಪ್ರತಿ ವರ್ಷವೂ ಹಾಕಿಸಬೇಕು. ಮೈಯಲ್ಲಿ ಅದರ ಬಲ ಕೂಡಲು ಸುಮಾರು ಎರಡು ವಾರ ಬೇಕು. ಬಸುರಿಯರು ಹಾಕಿಸಿಕೊಂಡರೆ ಹುಟ್ಟುವ ಕೂಸಿಗೂ ಮೊದಲ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವ ಸಾಧ್ಯತೆ ಕಡಿಮೆ. ಸರ್ಕಾರದ ಉಚಿತ ಲಸಿಕೆಗಳ ಸಾಲಿನಲ್ಲಿ ದಡಾರದ್ದು ಇದೆ, ಒಂಬತ್ತು ತಿಂಗಳಿಗೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಫ್ಲೂ ಲಸಿಕೆಯನ್ನು ಬಹುತೇಕ ಮನೆಗಳವರು ದುಡ್ಡು ಕೊಟ್ಟೇ ಹಾಕಿಸಬೇಕು. ಎಲ್ಲರಿಗೂ ಆಗದಿದ್ದರೆ ಅಜ್ಜಿಗೆ, ಬಸುರಿಗೆ, ಐದು ವರ್ಷದೊಳಗಿನ ಮಗುವಿಗೆ ಮೊದಲು ಹಾಕಿಸಿ.

ಮುಂಗಾರಿಗೆ ಮೊದಲು ಇನ್ನೊಂದು ಕೆಲಸ ಮಾಡಿ. ಮಲಗುವ ಕೋಣೆಯ ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿ, ಮಳೆನೀರು ಒಳಗೆ ಎರಚದಂತೆ ಮೇಲೊಂದು ಶೀಟು ಹೊಡೆಸಿ. ಸೊಳ್ಳೆ, ಮಳೆ ಎರಡರ ಕಾರಣವೂ ತಪ್ಪಿದರೆ ಜ್ವರ ಬಂದ ರಾತ್ರಿಯೂ ಆ ಕಿಟಕಿ ತೆರೆದಿರುತ್ತದೆ.